ಅಡುಗೆಮನೆಗೆ ಬಂದ ಯುದ್ಧ: 'ಮಿಸೆಸ್ ಮಿನಿವರ್' ನಮ್ಮನ್ನ ಹೇಗೆ ಅಳಿಸುತ್ತೆ?

ಬಸ್ಸಲ್ಲಿ ನಿಂತ್ಕೊಂಡು ಕೇಳ್ತಿರೋರಿಗೂ, ಪಾತ್ರೆ ತೊಳೀತಾ ಕೇಳ್ತಿರೋರಿಗೂ, ಆಫೀಸಲ್ಲಿ ಸಿಕ್ಕಾಪಟ್ಟೆ ಕೆಲಸ ಇರೋ ಹಾಗೆ ಮುಖ ಮಾಡ್ಕೊಂಡು ಕೇಳ್ತಿರೋರಿಗೂ ಸ್ವಾಗತ.

ಇವತ್ತಿನ ಸಿನಿಮಾ 1942ರದ್ದು. ಕಪ್ಪು-ಬಿಳುಪು. ಹೆಸರು 'ಮಿಸೆಸ್ ಮಿನಿವರ್'. ಎರಡನೇ ಮಹಾಯುದ್ಧದ ಸಿನಿಮಾ ಅಂದ ತಕ್ಷಣ ಟ್ಯಾಂಕು, ಕಂದಕ, ಕೆಸರಲ್ಲಿ ತೆವಳೋ ಸೈನಿಕರು ಕಣ್ಣಮುಂದೆ ಬರ್ತಾರಲ್ವಾ? ಇಲ್ಲಿ ಅದ್ಯಾವುದೂ ಇಲ್ಲ. ಎರಡೂಕಾಲು ಗಂಟೆಯ ಸಿನಿಮಾ ಹೆಚ್ಚುಕಮ್ಮಿ ಒಂದೇ ಮನೆಯ ಸುತ್ತ ನಡೆಯುತ್ತೆ. ಊಟದ ಮೇಜು, ಮಕ್ಕಳ ಮಂಚ, ಹಿತ್ತಲು, ಅಡುಗೆಮನೆ. ಯುದ್ಧ ಅಲ್ಲಿಗೇ ಬರುತ್ತೆ.

ಒಂದು ಎಚ್ಚರಿಕೆ. ಕಥೆಯ ಕೊನೆಯನ್ನ ಹೇಳದೆ ಈ ಸಿನಿಮಾ ಬಗ್ಗೆ ಮಾತಾಡೋಕೇ ಆಗಲ್ಲ. 80 ವರ್ಷ ದಾಟಿದ ಸಿನಿಮಾಗೆ ಸ್ಪಾಯ್ಲರ್ ಅಂತ ಬೈಬೇಡಿ. ಆದ್ರೂ ಮೊದಲು ನೋಡ್ಬೇಕು ಅನ್ನೋರು ಇಲ್ಲೇ ಪಾಸ್ ಒತ್ತಿ, ನೋಡ್ಕೊಂಡು ಬನ್ನಿ. ನಾನು ಎಲ್ಲೂ ಹೋಗಲ್ಲ.

ಸರಿ. ಸಿನಿಮಾ ಶುರುವಾಗೋದು ಒಂದು ಟೋಪಿಯಿಂದ.

1939ರ ಬೇಸಿಗೆ. ಲಂಡನ್. ಒಬ್ಬ ಹೆಂಗಸು ಬಸ್ಸಲ್ಲಿ ಕೂತಿದ್ದಾಳೆ, ಮುಖದಲ್ಲಿ ಚಡಪಡಿಕೆ. ಇದ್ದಕ್ಕಿದ್ದಂತೆ ಇಳಿದು ಬಂದ ದಾರಿಯಲ್ಲೇ ಓಡ್ತಾಳೆ. ಏನೋ ದೊಡ್ಡ ಅನಾಹುತ ಅಂದ್ಕೊಳ್ತೀವಿ. ಅವಳು ಓಡಿದ್ದು ಅಂಗಡಿಯಲ್ಲಿ ಬಿಟ್ಟುಬಂದ ಒಂದು ಟೋಪಿಗೆ. ತಲೆ ಮೇಲೆ ಹಕ್ಕಿ ಗೂಡು ಕಟ್ಟಿದ ಹಾಗಿರೋ, ಯಾವ ಉಪಯೋಗಕ್ಕೂ ಬಾರದ, ದುಬಾರಿ ಟೋಪಿ. ಮಾರಿಹೋಗಿಲ್ಲ ಅಂತ ಗೊತ್ತಾದಾಗ ಅವಳ ಮುಖ ನೋಡ್ಬೇಕು ನೀವು. ಸೇಲಿನ ಕೊನೇ ದಿನ ನಮಗೆ ಬೇಕಿದ್ದ ಸೈಜ್ ಸಿಕ್ಕಿದ ಹಾಗೆ.

ಈಗ ಇದನ್ನ ಗಂಡನಿಗೆ ಹೇಗೆ ಹೇಳೋದು? ಮನೆಗೆ ಬಂದ್ರೆ ಗಂಡ ಕ್ಲೆಮ್‌ದೂ ಅದೇ ಪಾಡು. ಆರ್ಕಿಟೆಕ್ಟ್, ಒಳ್ಳೆ ಸಂಪಾದನೆ. ಆದ್ರೂ ಕೈ ಮೀರಿದ ಒಂದು ಕಾರ್ ಮೇಲೆ ಕಣ್ಣು ಹಾಕಿದ್ದಾನೆ. ಇಬ್ಬರೂ ಒಬ್ಬರಿಗೊಬ್ಬರು ಖರ್ಚಿನ ಸುದ್ದಿ ಹೇಳೋಕೆ ಹೆದರ್ತಾ, ಇನ್ನೊಬ್ಬರ ಮೂಡ್ ಅಳೀತಾ, ಸುತ್ತಿ ಬಳಸಿ ಮಾತಾಡ್ತಾರೆ. ಕೊನೆಗೆ ರಾತ್ರಿ ಅವಳು ಟೋಪಿ ಹಾಕ್ಕೊಂಡು ತೋರಿಸ್ತಾಳೆ, ಅವನು ನಗ್ತಾನೆ, ದೀಪ ಆರುತ್ತೆ.

ಸುಮಾರು ಅರ್ಧ ಗಂಟೆ ಸಿನಿಮಾ ಇಂಥದ್ದರಲ್ಲೇ ಕಳೆಯುತ್ತೆ. ಮೊದಲ ಸಲ ನೋಡೋರಿಗೆ, ಯುದ್ಧ ಎಲ್ಲಿ ಸ್ವಾಮಿ ಅನ್ಸುತ್ತೆ. ನಾನು ಬಿ.ಕಾಂ ಓದಿದವಳು, ಮನೆಖರ್ಚಿನ ಸೀನ್ ಬಂದ್ರೆ ಬೇರೆಯವರಿಗಿಂತ ಜಾಸ್ತಿ ಗಮನ ಕೊಡ್ತೀನಿ. ಈ ಟೋಪಿ-ಕಾರಿನ ಅರ್ಧ ಗಂಟೆ ಸುಮ್ಮನೆ ಟೈಮ್‌ಪಾಸ್ ಅಲ್ಲ. ಇವರ ಹತ್ರ ಏನಿದೆ ಅನ್ನೋ ಪಟ್ಟಿ ಅದು. ಒಂದು ಟೋಪಿ, ಒಂದು ಕಾರ್, ಮೂರು ಮಕ್ಕಳು, ಒಂದು ಬೆಕ್ಕು, ನದಿ ದಂಡೆಯ ಒಂದು ಮನೆ, ಒಂದು ಪುಟ್ಟ ದೋಣಿ. ಆಮೇಲೆ ಒಂದೊಂದೇ ವಸ್ತುವನ್ನ ಯುದ್ಧ ಮುಟ್ಟುತ್ತಾ ಹೋಗುತ್ತೆ. ಆ ಕಾರ್ ನೆನಪಿಟ್ಕೊಳ್ಳಿ. ಮತ್ತೆ ಬರುತ್ತೆ.

ಊರಿನ ಹೆಸರು ಬೆಲ್ಹಮ್. ಕಲ್ಪಿತ ಊರು. ಅಲ್ಲಿನ ದೊಡ್ಡಮನೆಯ ಲೇಡಿ ಬೆಲ್ಡನ್ ಮುದುಕಿ, ಜಂಬದ ಮೂಟೆ. ವರ್ಷವರ್ಷವೂ ಊರಿನ ಹೂವಿನ ಪ್ರದರ್ಶನದಲ್ಲಿ ಗುಲಾಬಿಯ ಬಹುಮಾನ ಅವಳಿಗೇ. ಯಾಕಂದ್ರೆ ಬೇರೆ ಯಾರೂ ಸ್ಪರ್ಧೆಗೆ ನಿಲ್ಲೋ ಧೈರ್ಯ ಮಾಡಲ್ಲ. ನಮ್ಮೂರ ಕಡೆ ಗೌಡರ ಎದುರು ಸೊಸೈಟಿ ಎಲೆಕ್ಷನ್‌ಗೆ ಯಾರೂ ನಿಲ್ಲಲ್ವಲ್ಲ, ಹಾಗೆ. ಈ ಸಲ ಸ್ಟೇಷನ್ ಮಾಸ್ಟರ್ ಬ್ಯಾಲರ್ಡ್ ತಾನು ಬೆಳೆಸಿದ ಗುಲಾಬಿ ಇಡ್ತೀನಿ ಅಂತಾನೆ. ಅದಕ್ಕೆ ಅವನು ಇಟ್ಟ ಹೆಸರು 'ಮಿಸೆಸ್ ಮಿನಿವರ್'. ದಿನಾ ಸ್ಟೇಷನ್ನಲ್ಲಿ ನಕ್ಕು ಮಾತಾಡಿಸೋ ಹೆಂಗಸು, ಅಷ್ಟೇ ಕಾರಣ.

ಲೇಡಿ ಬೆಲ್ಡನ್ ಮೊಮ್ಮಗಳು ಕ್ಯಾರಲ್, ಮಿನಿವರ್ ದಂಪತಿಯ ದೊಡ್ಡ ಮಗ ವಿನ್. ಅವನು ಆಕ್ಸ್‌ಫರ್ಡಿಂದ ಬಂದ ಹೊಸದರಲ್ಲಿ ಸಮಾನತೆ, ಶ್ರೀಮಂತರ ದೌಲತ್ತು ಅಂತ ಭಾಷಣ ಬಿಗೀತಾನೆ. ಕ್ಯಾರಲ್ ಕೇಳೋದು ಒಂದೇ ಪ್ರಶ್ನೆ: ಮಾತು ಸರಿ, ಮಾಡಿದ್ದೇನು? ಲವ್ ಆಗೋಕೆ ಇನ್ನೇನು ಬೇಕು. ಯುದ್ಧ ಘೋಷಣೆ ಆಗುತ್ತೆ, ವಿನ್ ವಾಯುಪಡೆ ಸೇರ್ತಾನೆ.

ಇಲ್ಲಿಂದ ನಮ್ಮ ಎದೆಯಲ್ಲಿ ಒಂದು ಗಡಿಯಾರ ಶುರುವಾಗುತ್ತೆ. ಇವನು ಸಾಯ್ತಾನೆ. ಯುದ್ಧದ ಸಿನಿಮಾ, ಚೆಂದದ ಹುಡುಗ, ಪೈಲಟ್, ಹೊಸದಾಗಿ ಮದುವೆ. ನೂರು ಸಿನಿಮಾ ನೋಡಿದ ನಮಗೆ ಗೊತ್ತಿಲ್ವಾ?

ಕಥೆಯನ್ನ ಇಲ್ಲಿ ಸ್ವಲ್ಪ ನಿಲ್ಲಿಸ್ತೀನಿ. ಈ ಸಿನಿಮಾ ಯಾರಿಗೋಸ್ಕರ ಮಾಡಿದ್ದು ಅಂತ ಗೊತ್ತಿಲ್ಲದಿದ್ರೆ ಮುಂದಿನದು ಅರ್ಧ ಮಾತ್ರ ಅರ್ಥ ಆಗುತ್ತೆ.

ಇಂಗ್ಲೆಂಡಿನ ಕಥೆ. ಆದರೆ ಮಾಡಿದ್ದು ಅಮೆರಿಕದ ಎಂಜಿಎಂ ಕಂಪನಿ. ಆ ಚರ್ಚು, ಸ್ಟೇಷನ್ನು, ನದಿ ದಂಡೆ ಎಲ್ಲಾ ಕ್ಯಾಲಿಫೋರ್ನಿಯಾದ ಸ್ಟುಡಿಯೊದಲ್ಲಿ ಕಟ್ಟಿದ್ದು. ಬ್ರಿಟನ್ ಮೇಲೆ ಬಾಂಬ್ ಬೀಳ್ತಿದ್ದಾಗ ಅಮೆರಿಕ ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲ. ಯುರೋಪಿನ ಜಗಳ ನಮಗ್ಯಾಕೆ ಅನ್ನೋರು ಅಲ್ಲಿ ತುಂಬಾ ಜನ ಇದ್ರು. 1941ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸೆನೆಟ್‌ನ ಒಂದು ಉಪಸಮಿತಿ, ಹಾಲಿವುಡ್ ನಮ್ಮನ್ನ ಯುದ್ಧಕ್ಕೆ ಎಳೆಯೋಕೆ ಪ್ರಚಾರ ಚಿತ್ರ ಮಾಡ್ತಿದೆ ಅಂತ ವಿಚಾರಣೆಯನ್ನೇ ನಡೆಸಿತು. ಅಂಥ ಹೊತ್ತಲ್ಲಿ, ಅದೇ ವರ್ಷ ನವೆಂಬರ್‌ನಲ್ಲಿ, 'ಮಿಸೆಸ್ ಮಿನಿವರ್' ಶೂಟಿಂಗ್ ಶುರು.

ನಿರ್ದೇಶಕ ವಿಲಿಯಂ ವೈಲರ್. ಯಹೂದಿ. ಹುಟ್ಟಿದ್ದು ಆಲ್ಸೇಸ್‌ನಲ್ಲಿ, ಆಗ ಅದು ಜರ್ಮನಿಯ ಕೈಯಲ್ಲಿತ್ತು. ಒಂದೇ ಶಾಟನ್ನ ಹತ್ತಾರು ಸಲ ತೆಗೆಸಿ ನಟರ ಜೀವ ತಿನ್ನೋದಕ್ಕೆ ಹೆಸರಾದವರು. ಇದು ಪ್ರಚಾರ ಚಿತ್ರ ಅಂತ ಅವರು ಯಾವತ್ತೂ ಮುಚ್ಚಿಡಲಿಲ್ಲ. ಅಮೆರಿಕದವರಿಗೆ ನಾಜಿಗಳ ಬಗ್ಗೆ ಗೊತ್ತಾಗಲಿ ಅಂತಲೇ ಒಪ್ಪಿಕೊಂಡೆ ಅಂದವರು.

ಈಗ ಅಡುಗೆಮನೆಗೆ ಬನ್ನಿ.

ಕ್ಲೆಮ್ ಮನೆಯಲ್ಲಿಲ್ಲ. ದೋಣಿ ತಗೊಂಡು ಡಂಕರ್ಕ್‌ಗೆ ಹೋಗಿದ್ದಾನೆ, ಅದನ್ನ ಆಮೇಲೆ ಹೇಳ್ತೀನಿ. ಬೆಳಗಿನ ಜಾವ ಕೇ, ಅಂದ್ರೆ ಮಿಸೆಸ್ ಮಿನಿವರ್, ತೋಟದಲ್ಲಿ ಅಡ್ಡಾಡ್ತಾ ಇದ್ದಾಳೆ. ಪೊದೆಯ ಹತ್ತಿರ ಒಂದು ಜೊತೆ ಬೂಟು. ವಿಮಾನ ಬಿದ್ದು ತಪ್ಪಿಸಿಕೊಂಡ ಜರ್ಮನ್ ಪೈಲಟ್. ಗಾಯ ಆಗಿದೆ, ಕೈಯಲ್ಲಿ ಪಿಸ್ತೂಲು. ಅವಳನ್ನ ಅಡುಗೆಮನೆಗೆ ನೂಕಿಕೊಂಡು ಬಂದು ಊಟ ಕೇಳ್ತಾನೆ. ಹಾಲನ್ನ ಗಟಗಟ ಕುಡೀತಾನೆ. ಆಮೇಲೆ ನಿಶ್ಶಕ್ತಿಯಿಂದ ಕುಸಿದು ಬೀಳ್ತಾನೆ. ಅವಳು ಪಿಸ್ತೂಲು ತೆಗೆದು ಬಚ್ಚಿಡ್ತಾಳೆ, ಪೊಲೀಸರಿಗೆ ಫೋನ್ ಮಾಡ್ತಾಳೆ, ಆಮೇಲೆ ಅವನಿಗೇ ಉಪಚಾರ ಮಾಡ್ತಾಳೆ. ಮಗನ ವಯಸ್ಸಿನ ಹುಡುಗ. ನಮಗೂ ಒಂದು ಕ್ಷಣ ಅಯ್ಯೋ ಪಾಪ ಅನ್ಸುತ್ತೆ. ಅಷ್ಟರಲ್ಲಿ ಅವನು ಬಾಯಿ ಬಿಡ್ತಾನೆ. ನಾವು ಬರ್ತೀವಿ, ನಿಮ್ಮ ಊರುಗಳನ್ನೂ ಸುಟ್ಟು ಹಾಕ್ತೀವಿ ಅನ್ನೋ ಧಾಟಿ. ಅವಳು ಕೆನ್ನೆಗೆ ಬಾರಿಸ್ತಾಳೆ.

ಈ ಸೀನಿನ ಹಿಂದಿನ ಕಥೆಯನ್ನ ವೈಲರ್ ಆಮೇಲೆ ಹೇಳಿಕೊಂಡಿದ್ದಾರೆ. ಎಂಜಿಎಂ ಮುಖ್ಯಸ್ಥ ಲೂಯಿ ಬಿ. ಮೇಯರ್ ಅವರನ್ನ ಕರೆಸಿ, ನಾವು ಯಾರನ್ನೂ ದ್ವೇಷಿಸೋ ಸಿನಿಮಾ ಮಾಡ್ತಿಲ್ಲಪ್ಪ, ಆ ಜರ್ಮನ್ ಹುಡುಗನನ್ನ ಸ್ವಲ್ಪ ಮೃದು ಮಾಡು ಅಂದರಂತೆ. ವೈಲರ್ ಉತ್ತರದ ಸಾರಾಂಶ ಇಷ್ಟು: ಸಿನಿಮಾದಲ್ಲಿ ಹಲವು ಜರ್ಮನ್ನರಿದ್ರೆ ಒಬ್ಬ ಒಳ್ಳೆಯವನನ್ನ ತೋರಿಸ್ತಿದ್ದೆ. ಇರೋದು ಒಬ್ಬನೇ, ಅವನು ಅಪ್ಪಟ ನಾಜಿಯೇ ಆಗಿರ್ತಾನೆ. ಅಷ್ಟರಲ್ಲಿ ಡಿಸೆಂಬರ್ 7, ಪರ್ಲ್ ಹಾರ್ಬರ್ ಮೇಲೆ ಜಪಾನ್ ದಾಳಿ. ಅಮೆರಿಕವೂ ಯುದ್ಧದಲ್ಲಿ. ಮೇಯರ್ ತಕರಾರು ಅಲ್ಲಿಗೆ ಮುಗಿಯಿತು. ಸೀನ್ ಇನ್ನಷ್ಟು ಖಾರ ಆಯ್ತು.

ಆ ಜರ್ಮನ್ ಪೈಲಟ್ ಪಾತ್ರ ಮಾಡಿದ ಹೆಲ್ಮುಟ್ ಡಾಂಟೀನ್ ವಿಯೆನ್ನಾದ ಹುಡುಗ. ನಾಜಿ ವಿರೋಧಿ ಅಂತ ನಾಜಿಗಳೇ ಹಿಡಿದು ಸೆರೆಯಲ್ಲಿಟ್ಟಿದ್ದರು. ಅಲ್ಲಿಂದ ಬಿಡಿಸಿಕೊಂಡು ಅಮೆರಿಕಕ್ಕೆ ಬಂದವನಿಗೆ ಸಿಕ್ಕಿದ್ದು ನಾಜಿಯ ಪಾತ್ರ.

ಡಂಕರ್ಕ್ ಬಗ್ಗೆ ಬೇಗ ಹೇಳಿಬಿಡ್ತೀನಿ, ಕ್ರಿಸ್ಟೋಫರ್ ನೋಲನ್ ಸಿನಿಮಾ ನೋಡಿರ್ತೀರಿ. 1940ರ ಮೇ ಕೊನೆ, ಜೂನ್ ಮೊದಲು. ಫ್ರಾನ್ಸಿನ ಕಡಲ ದಂಡೆಯಲ್ಲಿ ಸಿಕ್ಕಿಬಿದ್ದ 3,38,000ಕ್ಕೂ ಹೆಚ್ಚು ಸೈನಿಕರನ್ನ ಬ್ರಿಟನ್ ವಾಪಸ್ ತಂದಿತು. ಜನರ ಪುಟ್ಟ ದೋಣಿಗಳೂ ಹೋದವು, ನಿಜ. ಆದರೆ ಬಹುಪಾಲು ಸೈನಿಕರನ್ನ ತಂದಿದ್ದು ನೌಕಾಪಡೆಯ ದೊಡ್ಡ ಹಡಗುಗಳು. ಸಿನಿಮಾದಲ್ಲಿ ಮಾತ್ರ ರಾತ್ರಿ ಎರಡು ಗಂಟೆಗೆ ಫೋನ್ ಬರುತ್ತೆ, ಗಂಡ ಎದ್ದು ದೋಣಿ ತಗೊಂಡು ಹೋಗ್ತಾನೆ. ಐದು ದಿನ ಆದ್ಮೇಲೆ ಗಡ್ಡ ಬಿಟ್ಕೊಂಡು ಬಂದು ಮಲಗಿಬಿಡ್ತಾನೆ. ಅಲ್ಲಿ ಏನಾಯ್ತು ಅಂತ ಒಂದು ಫ್ರೇಮ್ ಕೂಡ ತೋರಿಸಲ್ಲ. ತೋರಿಸೋ ಅಗತ್ಯವೂ ಇಲ್ಲ. ಆ ಐದು ದಿನ ಹೆಂಡತಿ ಮನೆಯಲ್ಲಿ ಹೇಗಿದ್ಳು ಅನ್ನೋದೇ ಕಥೆ.

ನನಗೆ ಇಡೀ ಸಿನಿಮಾದಲ್ಲಿ ಅತ್ಯಂತ ಇಷ್ಟವಾದ ಭಾಗ ಇದ್ಯಾವುದೂ ಅಲ್ಲ. ಬಾಂಬ್ ಶೆಲ್ಟರ್ ಸೀನ್.

ಹಿತ್ತಲಲ್ಲಿ ನೆಲ ಅಗೆದು ಅರ್ಧ ಹುಗಿದ ತಗಡಿನ ಗೂಡು. ಗಂಡ, ಹೆಂಡತಿ, ಇಬ್ಬರು ಚಿಕ್ಕ ಮಕ್ಕಳು, ಬೆಕ್ಕು. ಮಕ್ಕಳು ಮಲಗಿದ್ದಾರೆ. ಅವಳು ಸ್ವೆಟರ್ ಹೆಣೀತಾ ಇದ್ದಾಳೆ. 'ಆಲಿಸ್ ಇನ್ ವಂಡರ್‌ಲ್ಯಾಂಡ್' ಪುಸ್ತಕ ಇದೆ, ಅದರ ಬಗ್ಗೆ ಗಂಡ-ಹೆಂಡತಿ ಮೆತ್ತಗೆ ಮಾತಾಡ್ತಿದ್ದಾರೆ. ಹೊರಗೆ ಬಾಂಬ್ ಶಬ್ದ ಹತ್ತಿರ ಬರ್ತಿದೆ, ಆದರೆ ಇಬ್ಬರೂ ಆ ಬಗ್ಗೆ ಮಾತೇ ಆಡಲ್ಲ. ಟೀ ಚೆನ್ನಾಗಿದೆ ಅನ್ನೋ ಥರದ ಮಾತು. ಗಮನ ಇಟ್ಟು ನೋಡಿದ್ರೆ ಅವಳ ಕೈ ಹೆಣಿಗೆಯಲ್ಲಿ ನಿಲ್ಲೋದು, ಮತ್ತೆ ಶುರುವಾಗೋದು ಕಾಣುತ್ತೆ. ಆಮೇಲೆ ಶಬ್ದ ತೀರಾ ಹತ್ತಿರ. ತಗಡು ಅಲುಗುತ್ತೆ, ದೀಪ ತೂಗುತ್ತೆ, ಮಕ್ಕಳು ಎದ್ದು ಕಿರುಚ್ತಾರೆ. ಅಪ್ಪ ಒಂದು ಮಗುವನ್ನ, ಅಮ್ಮ ಇನ್ನೊಂದನ್ನ ಅವುಚಿಕೊಳ್ತಾರೆ. ಅಷ್ಟೇ. ವಿಮಾನ ತೋರಿಸಲ್ಲ, ಬೆಂಕಿ ತೋರಿಸಲ್ಲ. ಒಂದು ಗೂಡು, ಒಂದಿಷ್ಟು ಶಬ್ದ, ನಾಲ್ಕು ಜನ.

ಇದನ್ನ ಹೆಡ್‌ಫೋನ್ ಹಾಕಿಕೊಂಡೇ ನೋಡಿ. ಧ್ವನಿಯಲ್ಲಿ ಕೆಲಸ ಮಾಡೋಳಾಗಿ ಹೇಳ್ತೀನಿ, ಇವತ್ತಿನ ಎಷ್ಟೋ ಕೋಟಿ ಬಜೆಟ್‌ನ ಯುದ್ಧ ಸಿನಿಮಾಗಳು ಮಾಡಲಾಗದ್ದನ್ನ ಈ ಸೀನ್ ಬರೀ ಶಬ್ದದ ಏರಿಳಿತದಲ್ಲಿ ಮಾಡುತ್ತೆ.

ಆದರೆ ಇದೇ ಸೀನಲ್ಲಿ ನನಗೆ ಒಂದು ಕಿರಿಕಿರಿಯೂ ಇದೆ. ಆ ತಗಡಿನ ಗೂಡಿಗೆ ಆಂಡರ್ಸನ್ ಶೆಲ್ಟರ್ ಅಂತ ಹೆಸರು. ಬ್ರಿಟಿಷ್ ಸರ್ಕಾರ ಹಂಚಿದ್ದು. ವರ್ಷಕ್ಕೆ 250 ಪೌಂಡ್‌ಗಿಂತ ಕಡಿಮೆ ಆದಾಯದ ಮನೆಗಳಿಗೆ ಉಚಿತ, ಉಳಿದವರಿಗೆ 7 ಪೌಂಡ್. ಕೇಳೋಕೆ ಒಳ್ಳೆ ಸ್ಕೀಮು, ಬಡವರಿಗೆ ಫ್ರೀ. ಆದರೆ ಅದನ್ನ ಹುಗಿಯೋಕೆ ಏನು ಬೇಕು ಹೇಳಿ? ಹಿತ್ತಲು. ಲಂಡನ್ನಿನ ಈಸ್ಟ್ ಎಂಡ್‌ನಲ್ಲಿ, ಬಂದರಿನ ಪಕ್ಕದ ಒತ್ತೊತ್ತು ಮನೆಗಳಲ್ಲಿ ಬದುಕ್ತಿದ್ದ ಎಷ್ಟೋ ಕೂಲಿಕಾರರಿಗೆ ಹಿತ್ತಲೇ ಇರಲಿಲ್ಲ. 1940ರ ಸೆಪ್ಟೆಂಬರ್ 7ರಂದು ಶುರುವಾದ ಬಾಂಬ್ ಮಳೆ ಮೊದಲು ಸುರಿದಿದ್ದೇ ಅವರ ತಲೆ ಮೇಲೆ. ಅಲ್ಲಿಂದ 57 ರಾತ್ರಿ ಒಂದೇ ಸಮನೆ ಲಂಡನ್ ಮೇಲೆ ದಾಳಿ ಆಯ್ತು. ಜನ ನೆಲದಡಿಯ ರೈಲು ನಿಲ್ದಾಣಗಳಿಗೆ ನುಗ್ಗಿದರು. ಅಲ್ಲಿ ಮಲಗಬಾರದು ಅಂತ ಸರ್ಕಾರ ಮೊದಮೊದಲು ತಡೆಯಿತು, ಜನ ಕೇಳಲಿಲ್ಲ, ಕೊನೆಗೆ ಸರ್ಕಾರವೇ ಮಣಿಯಿತು. 1941ರ ಮೇವರೆಗಿನ ಆ ದಾಳಿಗಳಲ್ಲಿ ಬ್ರಿಟನ್ನಿನ 40,000ಕ್ಕೂ ಹೆಚ್ಚು ನಾಗರಿಕರು ಸತ್ತರು.

ಆ ಕೂಲಿಕಾರರ ಮನೆ ಈ ಸಿನಿಮಾದಲ್ಲಿಲ್ಲ. ಇರೋದು ಕಾರ್, ದೋಣಿ, ಅಡುಗೆಯವಳು, ಕೆಲಸದವಳು ಇರೋ ಮನೆ. ಸಿನಿಮಾ ಸುಳ್ಳು ಹೇಳ್ತಿದೆ ಅಂತಲ್ಲ ನಾನು ಹೇಳೋದು. ಆ ಸೀನಿನ ಭಯ ನಿಜ. ಯಾರ ಭಯ ತೋರಿಸಬೇಕು ಅನ್ನೋದನ್ನ ಮಾತ್ರ ಅದು ಆರಿಸಿಕೊಂಡಿದೆ. ಅಮೆರಿಕದ ಮಧ್ಯಮವರ್ಗದ ಹೆಂಗಸು ಥಿಯೇಟರ್‌ನಲ್ಲಿ ಕೂತು, ಅರೆ ಇವಳು ನನ್ನ ಹಾಗೇ ಇದ್ದಾಳಲ್ಲ ಅನ್ನಬೇಕು. ಅದಕ್ಕೆ ಟೋಪಿ ಬೇಕು. ರೈಲು ನಿಲ್ದಾಣದಲ್ಲಿ ಕಂಬಳಿ ಹೊದ್ದು ಮಲಗಿದ ಕೂಲಿಕಾರ್ತಿಯನ್ನ ನೋಡಿ ಅವಳಿಗೆ ಕನಿಕರ ಬರಬಹುದು, ತನ್ನದೇ ಕಥೆ ಅನ್ನಿಸಲ್ಲ. ಈ ಲೆಕ್ಕಾಚಾರ ಮಾಡಿದವರು ದಡ್ಡರಲ್ಲ.

ಸರಿ, ಹೂವಿನ ಪ್ರದರ್ಶನದ ದಿನ. ವಿನ್ ಮತ್ತು ಕ್ಯಾರಲ್ ಮದುವೆ ಆಗಿದೆ. ಮದುವೆಗೆ ಮೊದಲು ಲೇಡಿ ಬೆಲ್ಡನ್ ಜಗಳಕ್ಕೆ ಬಂದು, ಹುಡುಗಿ ಚಿಕ್ಕವಳು ಅಂದಿರ್ತಾಳೆ. ನೀವು ಮದುವೆಯಾದಾಗ ನಿಮಗೆಷ್ಟಾಗಿತ್ತು ಅಂತ ಕೇ ಕೇಳ್ತಾಳೆ. ಹದಿನಾರು. ಗಂಡ ಸೈನಿಕ, ಕೆಲವೇ ವಾರಗಳಲ್ಲಿ ಯುದ್ಧದಲ್ಲಿ ಹೋಗಿಬಿಟ್ಟವನು. ಮುದುಕಿಯ ಜಂಬ ಅಲ್ಲೇ ಕರಗುತ್ತೆ. ಆ ಪಾತ್ರದಲ್ಲಿ ಮೇ ವಿಟಿ ಮಾಡಿರೋ ನಟನೆ ನೋಡಿ, ಬೈಯೋಕೂ ಆಗಲ್ಲ, ಬಿಡೋಕೂ ಆಗಲ್ಲ.

ಮದುವೆಯಾದ ಮೇಲೆ ಅತ್ತೆ-ಸೊಸೆ ಇಬ್ಬರೇ ಮಾತಾಡೋ ಒಂದು ಸೀನ್ ಇದೆ. ಕ್ಯಾರಲ್ ಹೇಳೋದರ ಅರ್ಥ ಇಷ್ಟು: ಅವನು ಯಾವತ್ತು ಬೇಕಾದರೂ ಸಾಯಬಹುದು ಅಂತ ನನಗೆ ಗೊತ್ತು, ಸಿಕ್ಕ ದಿನಗಳನ್ನ ಅಳ್ತಾ ಕಳೆಯಲ್ಲ, ಅಳೋಕೆ ಆಮೇಲೆ ಇಡೀ ಜೀವಮಾನ ಇದೆ. ಅತ್ತೆ ಮಾತಾಡದೆ ಕೇಳಿಸಿಕೊಳ್ತಾಳೆ. ನಮ್ಮೊಳಗಿನ ಗಡಿಯಾರ ಇನ್ನೂ ಜೋರಾಗುತ್ತೆ.

ಪ್ರದರ್ಶನದಲ್ಲಿ ತೀರ್ಪುಗಾರರು ಬಹುಮಾನವನ್ನ ಲೇಡಿ ಬೆಲ್ಡನ್‌ಗೇ ಬರೆದಿದ್ದಾರೆ, ಹೆದರಿ. ಅವಳು ಚೀಟಿ ನೋಡ್ತಾಳೆ. ಬ್ಯಾಲರ್ಡ್ ಮುಖ ನೋಡ್ತಾಳೆ. ಬ್ಯಾಲರ್ಡ್ ಹೆಸರನ್ನೇ ಕೂಗಿಬಿಡ್ತಾಳೆ. ಊರೆಲ್ಲಾ ಚಪ್ಪಾಳೆ. ಚಪ್ಪಾಳೆ ನಿಲ್ಲೋ ಮೊದಲೇ ಸೈರನ್.

ವಿನ್ ಏರ್‌ಫೀಲ್ಡ್‌ಗೆ ಓಡ್ತಾನೆ. ಅತ್ತೆ-ಸೊಸೆ ಕಾರಲ್ಲಿ ಮನೆಗೆ ಹೊರಡ್ತಾರೆ. ನೆನಪಿಟ್ಕೊಳ್ಳಿ ಅಂದಿದ್ನಲ್ಲ, ಅದೇ ಕಾರು. ಕತ್ತಲು, ಹೆಡ್‌ಲೈಟ್ ಹಾಕೋ ಹಾಗಿಲ್ಲ. ತಲೆ ಮೇಲೆ ವಿಮಾನಗಳ ಕಾದಾಟ. ರಸ್ತೆ ಬದಿ ನಿಲ್ಲಿಸ್ತಾರೆ. ಒಂದು ವಿಮಾನ ಉರಿದು ಬೀಳೋದು ಕಾಣುತ್ತೆ. ಅದರಲ್ಲಿ ವಿನ್ ಇದ್ದಾನಾ ಅಂತ ಇಬ್ಬರಿಗೂ ದಿಗಿಲು, ನಮಗೂ ದಿಗಿಲು. ಆಗ ಇನ್ನೊಂದು ವಿಮಾನ ತೀರಾ ಕೆಳಗೆ ಬಂದು ಗುಂಡು ಹಾರಿಸ್ಕೊಂಡು ಹೋಗುತ್ತೆ. ಕಾರಿನ ಮೇಲ್ಛಾವಣಿಯಲ್ಲಿ ತೂತುಗಳು. ಕ್ಯಾರಲ್ ಸೀಟಿಗೆ ಒರಗಿದ್ದಾಳೆ.

ಹೇಗೋ ಮನೆಗೆ ಕರ್ಕೊಂಡು ಬಂದು ನೆಲದ ಮೇಲೆ ಮಲಗಿಸ್ತಾಳೆ. ನೀರು ತರೋಕೆ ಹೋಗಿ ಬರೋಷ್ಟರಲ್ಲಿ ಹುಡುಗಿ ಇಲ್ಲ.

ಯುದ್ಧಕ್ಕೆ ಹೋದವನು ಬದುಕಿದ್ದಾನೆ. ಮನೆಯಲ್ಲಿ ಕಾಯ್ತಿದ್ದವಳು ಸತ್ತಿದ್ದಾಳೆ. ಒಂದೂವರೆ ಗಂಟೆ ನಮ್ಮಿಂದ ತಪ್ಪು ವ್ಯಕ್ತಿಗೆ ಹೆದರೋ ಹಾಗೆ ಮಾಡಿ, ಸಿನಿಮಾ ಸರಿಯಾದ ಜಾಗದಲ್ಲಿ ಕೈ ಹಾಕುತ್ತೆ. ಇದು ಬರೀ ಸ್ಕ್ರಿಪ್ಟ್ ಟ್ವಿಸ್ಟ್ ಅಲ್ಲ. ಹೋಮ್ ಫ್ರಂಟ್ ಅಂದ್ರೆ ಏನು ಅನ್ನೋದಕ್ಕೆ ಇದಕ್ಕಿಂತ ನೇರವಾದ ಉತ್ತರ ನನಗೆ ಸಿಕ್ಕಿಲ್ಲ. ಗಡಿಯಲ್ಲಿ ಸಾಯೋರು ಒಬ್ಬರು, ಮನೆಯಲ್ಲಿ ಅಳೋರು ಒಬ್ಬರು ಅನ್ನೋ ಹಳೇ ವಿಂಗಡಣೆ ಬಾಂಬರ್ ವಿಮಾನ ಬಂದ ಮೇಲೆ ಉಳಿದಿಲ್ಲ. ಕ್ಯಾರಲ್ ಪಾತ್ರ ಮಾಡಿದ ಟೆರೇಸಾ ರೈಟ್‌ಗೆ ಆ ವರ್ಷದ ಆಸ್ಕರ್ ಬಂತು. ಗ್ರೀರ್ ಗಾರ್ಸನ್‌ಗೆ ಅತ್ಯುತ್ತಮ ನಟಿ, ವೈಲರ್‌ಗೆ ಅತ್ಯುತ್ತಮ ನಿರ್ದೇಶಕ, ಸಿನಿಮಾಗೆ ಅತ್ಯುತ್ತಮ ಚಿತ್ರ, ಒಟ್ಟು 6. ಗಾಸಿಪ್ ಬೇಕಾದೋರಿಗೆ ಒಂದು: ಮಗನ ಪಾತ್ರ ಮಾಡಿದ ರಿಚರ್ಡ್ ನೇಯನ್ನ ಗಾರ್ಸನ್ 1943ರಲ್ಲಿ ಮದುವೆಯಾದ್ರು. ಮುಂದೆ ಹೋಗೋಣ.

ಕೊನೇ ದೃಶ್ಯ ಚರ್ಚಲ್ಲಿ. ಛಾವಣಿ ಹಾರಿಹೋಗಿದೆ. ಸ್ಟೇಷನ್ ಮಾಸ್ಟರ್ ಬ್ಯಾಲರ್ಡ್ ಸತ್ತಿದ್ದಾನೆ, ಬಹುಮಾನ ಬಂದ ದಿನವೇ. ಪಾದ್ರಿ ಮಾತಾಡ್ತಾನೆ: ಇವರೆಲ್ಲಾ ಸೈನಿಕರಲ್ಲ, ಮತ್ಯಾಕೆ ಸತ್ತರು? ಇದು ಸೈನಿಕರ ಯುದ್ಧ ಮಾತ್ರ ಅಲ್ಲ, ಜನರ ಯುದ್ಧ, ಸ್ವಾತಂತ್ರ್ಯಕ್ಕಾಗಿ ನಾವೆಲ್ಲಾ ಹೋರಾಡಬೇಕು ಅನ್ನೋ ಅರ್ಥದ ಮಾತು. ಆ ಭಾಷಣವನ್ನ ವೈಲರ್ ಮತ್ತು ಪಾದ್ರಿಯ ಪಾತ್ರಧಾರಿ ಹೆನ್ರಿ ವಿಲ್‌ಕಾಕ್ಸನ್ ಸೇರಿ ಮತ್ತೆ ತಿದ್ದಿ ಬರೆದಿದ್ದು. ಸಿನಿಮಾ ಬಂದ ಮೇಲೆ ಅದನ್ನ ಕರಪತ್ರ ಮಾಡಿ ಹಂಚಿದರು, ರೇಡಿಯೊದಲ್ಲಿ ಓದಿಸಿದರು. ನಾಜಿಗಳ ಪ್ರಚಾರ ಮಂತ್ರಿ ಗೊಬೆಲ್ಸ್ ಕೂಡ, ಪ್ರಚಾರ ಅಂದ್ರೆ ಹೀಗಿರಬೇಕು ಅಂತ ಈ ಸಿನಿಮಾವನ್ನ ಮೆಚ್ಚಿಕೊಂಡ. ವೈರಿಯಿಂದ ಬಂದ ರಿವ್ಯೂ.

ಪಾದ್ರಿಯ ಮಾತು ನಡೀತಿರುವಾಗ ನೀವು ಲೇಡಿ ಬೆಲ್ಡನ್‌ನ ನೋಡ್ತಾ ಇರಿ. ಅವಳ ಮನೆತನಕ್ಕೇ ಮೀಸಲಾದ ಬೆಂಚಲ್ಲಿ ಒಬ್ಬಳೇ. ವಿನ್ ತನ್ನ ಅಪ್ಪ-ಅಮ್ಮನ ಪಕ್ಕದಿಂದ ಎದ್ದು ಹೋಗಿ ಆ ಮುದುಕಿಯ ಪಕ್ಕ ನಿಲ್ತಾನೆ. ಭಾಷಣ ಮಾಡದ್ದನ್ನ ಆ ನಾಲ್ಕು ಹೆಜ್ಜೆ ಮಾಡುತ್ತೆ. ಅದಾದ ಮೇಲೆ ಮುರಿದ ಛಾವಣಿಯ ಆಚೆ ಆಕಾಶದಲ್ಲಿ ವಿಮಾನಗಳ ಸಾಲು. ಮುಗೀತು.

ಮುಗೀಲಿಲ್ಲ. 'ದಿ ಎಂಡ್' ಜೊತೆಗೆ ಒಂದು ಕಾರ್ಡ್ ಬರುತ್ತೆ. ಅದು ಹೇಳೋದು ಇಷ್ಟೇ: ಅಮೆರಿಕಕ್ಕೆ ನಿಮ್ಮ ಹಣ ಬೇಕು, ಪ್ರತಿ ಸಂಬಳದ ದಿನ ಯುದ್ಧದ ಬಾಂಡ್ ಕೊಳ್ಳಿ. ಕಣ್ಣೀರು ಒರೆಸಿಕೊಳ್ಳೋ ಮೊದಲೇ ಬಿಲ್ ಬಂತು ನೋಡಿ. ನನಗೆ ನಗು ಬಂತು, ಆಮೇಲೆ ಸ್ವಲ್ಪ ಗೌರವವೂ ಬಂತು. ಕನಿಷ್ಠ ಏನು ಬೇಕು ಅಂತ ಬಾಯಿ ಬಿಟ್ಟು ಕೇಳ್ತಾರೆ, ಯಾವಾಗ ಅಂತಾನೂ ಹೇಳ್ತಾರೆ. ಹಿಂದೆ ಡ್ರಮ್ ಬಾರಿಸೋ ಮ್ಯೂಸಿಕ್ ಹಾಕಿ, ಯಾರದೋ ಮನೆ ಮಗನ ಫೋಟೊ ಹಾಕಿ, ನಮ್ಮ ಫೋನಿಗೆ ಬಂದು ಬೀಳೋ ಎಷ್ಟೋ ರೀಲ್‌ಗಳಿಗೆ ನಮ್ಮಿಂದ ಏನು ಬೇಕು ಅಂತ ಕೊನೆಗೂ ಗೊತ್ತಾಗಲ್ಲ.

ಈಗ ಪಾದ್ರಿಯ ಮಾತಿಗೆ ವಾಪಸ್ ಬರ್ತೀನಿ. ಸ್ವಾತಂತ್ರ್ಯ ಅಂದ್ನಲ್ಲ. ಸಿನಿಮಾ ಅಮೆರಿಕದಲ್ಲಿ ತೆರೆಕಂಡಿದ್ದು 1942ರ ಜೂನ್‌ನಲ್ಲಿ. ಆಗಸ್ಟ್‌ನಲ್ಲಿ ಇಲ್ಲಿ ಕ್ವಿಟ್ ಇಂಡಿಯಾ ಶುರುವಾಯ್ತು, ಅದೇ ಬ್ರಿಟನ್ ಗಾಂಧೀಜಿಯನ್ನ ಜೈಲಿಗೆ ಹಾಕಿತು. ಅದೇ ವರ್ಷ ಶಿವಮೊಗ್ಗ ಜಿಲ್ಲೆಯ ಈಸೂರು ತನ್ನನ್ನ ತಾನೇ ಸ್ವತಂತ್ರ ಅಂತ ಘೋಷಿಸಿಕೊಳ್ತು. 1943ರ ಮಾರ್ಚ್ 4ರಂದು ಲಾಸ್ ಏಂಜಲೀಸ್‌ನಲ್ಲಿ ಈ ಸಿನಿಮಾಗೆ ಆಸ್ಕರ್ ಕೊಟ್ಟರು. ಅದೇ ಮಾರ್ಚ್ ತಿಂಗಳಲ್ಲಿ ಈಸೂರಿನ ಐವರನ್ನ ಗಲ್ಲಿಗೇರಿಸಿದರು. ಅದೇ 1943ರಲ್ಲಿ ಬಂಗಾಳದ ಬರಗಾಲ, ಯುದ್ಧಕಾಲದ ನೀತಿಗಳೂ ಸೇರಿ ಸುಮಾರು 30 ಲಕ್ಷ ಜನರನ್ನ ತಿಂದುಹಾಕ್ತು. ಅದೂ ಆ ಯುದ್ಧದ ಹೋಮ್ ಫ್ರಂಟೇ. ಅಲ್ಲೂ ಅಡುಗೆಮನೆಗಳಿದ್ದವು, ಒಲೆ ಉರೀತಿರಲಿಲ್ಲ ಅಷ್ಟೇ.

ಹಾಗಂತ ಈ ಸಿನಿಮಾ ನೋಡ್ಬೇಡಿ ಅಂತೀನಾ? ಇಲ್ಲ. ಕ್ಯಾರಲ್ ಸತ್ತಾಗ ನನಗೆ ಪ್ರತಿ ಸಲವೂ ಗಂಟಲು ಕಟ್ಟುತ್ತೆ, ಈಸೂರು ಗೊತ್ತಿದ್ದೂ ಕಟ್ಟುತ್ತೆ. ಎರಡೂ ಒಟ್ಟಿಗೆ ಇರಲಿ ಬಿಡಿ. ಒಂದನ್ನ ಇಟ್ಕೊಳ್ಳೋಕೆ ಇನ್ನೊಂದನ್ನ ಬಿಸಾಡಲೇಬೇಕು ಅಂತ ಯಾರು ಹೇಳಿದ್ದು?

ಈ ಹೆಂಗಸನ್ನ ಸೃಷ್ಟಿಸಿದವರ ಕಥೆ ಹೇಳದಿದ್ರೆ ತಪ್ಪಾಗುತ್ತೆ. ಜ್ಯಾನ್ ಸ್ಟ್ರದರ್. ಇದು ಬರವಣಿಗೆಯ ಹೆಸರು, ಮನೆಯಲ್ಲಿ ಜಾಯ್ಸ್. 1937ರಿಂದ ಲಂಡನ್ನಿನ 'ದಿ ಟೈಮ್ಸ್' ಪತ್ರಿಕೆಯಲ್ಲಿ ಮಿಸೆಸ್ ಮಿನಿವರ್ ಅಂಕಣ ಬರೀತಿದ್ರು. ಮನೆ, ಮಕ್ಕಳು, ಹೂವು, ಗಂಡನ ಜೊತೆಗಿನ ಸಣ್ಣ ಸುಖಗಳು. 1939ರಲ್ಲಿ ಪುಸ್ತಕ ಆಯ್ತು. ಯುದ್ಧ ಶುರುವಾಗೋ ಹೊತ್ತಿಗೆ ಪುಸ್ತಕ ಮುಗಿಯುತ್ತೆ. ಅಂದ್ರೆ ಡಂಕರ್ಕು, ಜರ್ಮನ್ ಪೈಲಟ್ಟು, ಕ್ಯಾರಲ್ ಸಾವು ಯಾವುದೂ ಅವರು ಬರೆದಿದ್ದಲ್ಲ. ಎಲ್ಲಾ ಹಾಲಿವುಡ್ ಸೇರಿಸಿದ್ದು.

1940ರಲ್ಲಿ ಅವರು ಇಬ್ಬರು ಚಿಕ್ಕ ಮಕ್ಕಳನ್ನ ಕರ್ಕೊಂಡು ಅಮೆರಿಕಕ್ಕೆ ಹೋದ್ರು. ಊರೂರು ಸುತ್ತಿ, ಬ್ರಿಟನ್ ಪರವಾಗಿ ಭಾಷಣ ಮಾಡಿದ್ರು. ಸಿನಿಮಾ ಬಂದ ಮೇಲಂತೂ ಜನ ಅವರನ್ನೇ ಮಿಸೆಸ್ ಮಿನಿವರ್ ಅಂತ ನೋಡ್ತಿದ್ರು: ಮಾದರಿ ಹೆಂಡತಿ, ಮಾದರಿ ಸಂಸಾರ. ಆದರೆ ಅವರ ದಾಂಪತ್ಯ ಅಷ್ಟರಲ್ಲಿ ಒಳಗೊಳಗೇ ಮುರಿದಿತ್ತು. ಅವರು ಪ್ರೀತಿಸ್ತಿದ್ದದ್ದು ವಿಯೆನ್ನಾದಿಂದ ನಾಜಿಗಳ ಕೈ ತಪ್ಪಿಸಿಕೊಂಡು ಬಂದ ಅಡಾಲ್ಫ್ ಪ್ಲಾಚೆಕ್ ಅನ್ನೋ ಯಹೂದಿ ನಿರಾಶ್ರಿತನನ್ನ, ತಮಗಿಂತ ಚಿಕ್ಕವನನ್ನ. ಗಂಡ ಯುದ್ಧದಲ್ಲಿ ಸೆರೆಸಿಕ್ಕಿ ಕೈದಿಯಾಗಿದ್ದ. ಆದರ್ಶ ಸಂಸಾರದ ಬಗ್ಗೆ ಭಾಷಣ ಮುಗಿಸಿ ಯಾವುದೋ ಊರಿನ ಹೋಟೆಲ್ ಕೋಣೆಗೆ ವಾಪಸ್ ಬರುವಾಗ ಅವರ ತಲೆಯಲ್ಲಿ ಏನು ಓಡ್ತಿತ್ತೋ. ಯುದ್ಧ ಮುಗಿದು ಗಂಡ ವಾಪಸ್ ಬಂದ, ವಿಚ್ಛೇದನ ಆಯ್ತು, 1948ರಲ್ಲಿ ಪ್ಲಾಚೆಕ್‌ನ ಮದುವೆಯಾದ್ರು. 1953ರಲ್ಲಿ ತೀರಿಕೊಂಡ್ರು. ನನ್ನ ಕೇಳಿದ್ರೆ ಇದೂ ಒಂದು ಹೋಮ್ ಫ್ರಂಟ್ ಸಿನಿಮಾ, ಯಾರೂ ತೆಗೀಲಿಲ್ಲ.

ಇನ್ನು ವೈಲರ್. ಆಸ್ಕರ್ ಕೊಡೋ ರಾತ್ರಿ ಅವರು ಸಭೆಯಲ್ಲಿ ಇರಲಿಲ್ಲ. ಹೆಂಡತಿ ಹೋಗಿ ತಗೊಂಡ್ರು. ಅವರು ಸೈನ್ಯಕ್ಕೆ ಸೇರಿ, ಸಾಕ್ಷ್ಯಚಿತ್ರ ತೆಗೆಯೋಕೆ ಇಂಗ್ಲೆಂಡ್‌ಗೆ ಹೋಗಿದ್ರು. ಸ್ಟುಡಿಯೊದಲ್ಲಿ ಕಟ್ಟಿಸಿದ್ದ ಇಂಗ್ಲೆಂಡ್ ಅಲ್ಲ, ನಿಜವಾದದ್ದು. ಬಾಂಬರ್ ವಿಮಾನಗಳಲ್ಲಿ ಕೂತು ಜರ್ಮನಿಯ ಮೇಲೆ ಹಾರಿದ್ರು. ಆ ಕೆಲಸದಲ್ಲೇ ಒಂದು ಕಿವಿ ಹೋಯ್ತು. ಯುದ್ಧವನ್ನ ಹತ್ತಿರದಿಂದ ನೋಡಿದ ಮೇಲೆ, 'ಮಿಸೆಸ್ ಮಿನಿವರ್'ನಲ್ಲಿ ನಾನು ಮೇಲ್ಮೇಲೆ ಕೆರೆದಿದ್ದೆ ಅಷ್ಟೇ ಅಂತ ಅವರಿಗೇ ಅನಿಸಿತು. ವಾಪಸ್ ಬಂದು 1946ರಲ್ಲಿ ಇನ್ನೊಂದು ಸಿನಿಮಾ ಮಾಡಿದ್ರು, 'ದಿ ಬೆಸ್ಟ್ ಇಯರ್ಸ್ ಆಫ್ ಅವರ್ ಲೈವ್ಸ್'. ಯುದ್ಧ ಗೆದ್ದು ಮನೆಗೆ ಬಂದ ಮೂವರ ಕಥೆ. ಅದರಲ್ಲಿ ಒಬ್ಬನಿಗೆ ಎರಡೂ ಕೈ ಇಲ್ಲ. ಪಾತ್ರ ಮಾಡಿದ ಹೆರಲ್ಡ್ ರಸೆಲ್‌ಗೆ ನಿಜವಾಗಿಯೂ ಎರಡೂ ಕೈ ಇರಲಿಲ್ಲ.

ಮುಂದಿನ ವಾರ ಆ ಸಿನಿಮಾ. ಅಷ್ಟರೊಳಗೆ 'ಮಿಸೆಸ್ ಮಿನಿವರ್' ನೋಡಿ, ಅಮ್ಮನ ಜೊತೆ ಕೂತು ನೋಡಿದ್ರೆ ಇನ್ನೂ ಒಳ್ಳೇದು. ಟೋಪಿ ಸೀನಲ್ಲಿ ಅವರು ಏನಂದ್ರು ಅಂತ ನನಗೆ ವಾಯ್ಸ್ ನೋಟ್ ಕಳಿಸಿ.